ಹುಬ್ಬಳ್ಳಿಯ ಕೆಲಸಕ್ಕೆ ಬ್ಯಾಡಗಿಯ ಪಗಾರ: ಒಂದು ಖಾರಪುಡಿ ಗಿರಣಿಯ ಪ್ರಕರಣ

ಏಪ್ರಿಲ್ ಬಂತೆಂದರೆ ನಮ್ಮ ಭಾಗದ ಸಣ್ಣ ಕಾರ್ಖಾನೆಗಳಲ್ಲಿ ಒಂದೇ ಮಾತು. ಕನಿಷ್ಠ ವೇತನ ಮತ್ತೆ ಏರಿತು, ಇನ್ನು ನಡೆಸೋದು ಹೆಂಗೆ? ಪಗಾರ ಪತ್ರಿಕೆ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ) ಕೆಲಸ ನೋಡುವ ನನಗೆ ಈ ಪ್ರಶ್ನೆ ಪ್ರತಿ ವರ್ಷ ಎದುರಾಗುತ್ತದೆ. ಈ ಒಂದು ಗಿರಣಿಯ ಕತೆಯನ್ನು ಪೂರ್ತಿ ಬರೆದಿಡಬೇಕು ಅನಿಸಿದ್ದಕ್ಕೆ ಕಾರಣ ಇದೆ. ಇಲ್ಲಿ ಆ ವರ್ಷದ ಏರಿಕೆ ತಂದ ಹೊರೆ ಸಣ್ಣದಿತ್ತು. ವರ್ಷಗಟ್ಟಲೆ ಪಗಾರ ಪುಸ್ತಕದಲ್ಲಿ ಸುಮ್ನೆ ಕೂತಿದ್ದ ತಪ್ಪುಗಳನ್ನು ಅದು ಎಳೆದು ಹೊರಗೆ ಹಾಕಿತು. ನಿಜವಾದ ಭಾರ ಬಿದ್ದಿದ್ದು ಆ ತಪ್ಪುಗಳಿಂದ.

ಯಾರ ಗುರುತೂ ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಪಗಾರದ ಅಂಕಿಗಳು ಲೆಕ್ಕ ತಿಳಿಯಲಿ ಅಂತ ಹಿಡಿದ ದುಂಡು ಅಂಕಿಗಳು, ಯಾವ ಅಧಿಸೂಚನೆಯ ದರವೂ ಅಲ್ಲ. ಇದೆಲ್ಲ ನಡೆದಾಗ 1948ರ ಕನಿಷ್ಠ ವೇತನ ಕಾಯ್ದೆಯೇ ಜಾರಿಯಲ್ಲಿತ್ತು. ಆಮೇಲೆ ಏನು ಬದಲಾಯಿತು ಅನ್ನುವುದನ್ನು ಕೊನೆಯ ಭಾಗದಲ್ಲಿ ಬರೆದಿದ್ದೇನೆ.

ಹಿನ್ನೆಲೆ

ಗಿರಣಿ ಇರುವುದು ಹುಬ್ಬಳ್ಳಿಯ ಒಂದು ಕೈಗಾರಿಕಾ ವಸಾಹತಿನಲ್ಲಿ, ಮಹಾನಗರ ಪಾಲಿಕೆ ವ್ಯಾಪ್ತಿಯ ಒಳಗೆ. ಖಾರಪುಡಿ ಮತ್ತು ಮಸಾಲೆ ಪುಡಿ ಬೀಸಿ ಪ್ಯಾಕೆಟ್ ಮಾಡುತ್ತಾರೆ. ಸ್ವಂತ ಹೆಸರಿನಲ್ಲಿ ಸ್ವಲ್ಪ ಮಾರುತ್ತಾರೆ. ಹೆಚ್ಚಿನ ಮಾಲು ಬೆಂಗಳೂರಿನ ಒಂದು ದೊಡ್ಡ ಕಂಪನಿಗೆ ಹೋಗುತ್ತದೆ, ಆ ಕಂಪನಿಯ ಹೆಸರಿನ ಪ್ಯಾಕೆಟ್ಟಿನಲ್ಲೇ. ಮೆಣಸಿನಕಾಯಿ ಬರುವುದು ಬ್ಯಾಡಗಿ ಮಾರುಕಟ್ಟೆಯಿಂದ. ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇವರದೇ ಶೆಡ್ ಇದೆ, ಅಲ್ಲಿ ಹೆಣ್ಣುಮಕ್ಕಳು ಕೂತು ತೊಟ್ಟು ಬಿಡಿಸುತ್ತಾರೆ. ಗದಗಿನಲ್ಲಿ ಒಂದು ಗೋದಾಮು. ಅಲ್ಲಿರುವುದು ಒಬ್ಬ ಗುಮಾಸ್ತ, ಒಬ್ಬ ಡ್ರೈವರ್ ಮತ್ತು ಹಮಾಲಿ ಮಾಡುವ ಇಬ್ಬರು.

ಉದ್ಯೋಗ ಶುರುವಾಗಿದ್ದೇ ಆ ಹಳ್ಳಿಯ ಶೆಡ್ಡಿನಲ್ಲಿ. ತಂದೆ ಒಂದು ಸಣ್ಣ ಯಂತ್ರ ಹಾಕಿ ಬೀಸುತ್ತಿದ್ದರು. ವ್ಯಾಪಾರ ಬೆಳೆದ ಮೇಲೆ ಬೀಸುವುದು ಮತ್ತು ಪ್ಯಾಕಿಂಗ್ ಹುಬ್ಬಳ್ಳಿಗೆ ಬಂತು. ಈಗ ಮಗ ನೋಡಿಕೊಳ್ಳುತ್ತಾರೆ. ಪಗಾರ ಪತ್ರಿಕೆ ಬರೆಯುವವರು ಮಾತ್ರ ತಂದೆಯ ಕಾಲದ ಹಿರಿಯ ಗುಮಾಸ್ತರೇ. ಒಂದು ಪೈಸೆಯೂ ಆಚೀಚೆ ಆಗದ ಕೈ. ಯಾರ ಪಗಾರವನ್ನೂ ಅವರು ಒಂದು ದಿನ ತಡ ಮಾಡಿದ್ದಿಲ್ಲ. ಬಟವಾಡೆ ಅಂದರೆ ಅವರಿಗೆ ವ್ರತವೇ. ಈ ಮಾತು ಮುಖ್ಯ, ಯಾಕೆಂದರೆ ಮುಂದೆ ಬರುವ ತಪ್ಪುಗಳಲ್ಲಿ ಯಾವುದೂ ಯಾರನ್ನೋ ಮೋಸ ಮಾಡಲು ಹುಟ್ಟಿದ್ದಲ್ಲ.

ಖರೀದಿದಾರ ಕಂಪನಿ ತನ್ನ ಸರಬರಾಜುದಾರರ ಪಗಾರ ದಾಖಲೆಗಳನ್ನು ಪರಿಶೀಲಿಸಲು ಶುರು ಮಾಡಿತು. ಏಪ್ರಿಲ್‌ನಿಂದ ಹೊಸ ದರ ಬಂದಿದೆ, ಜೂನ್ ತಿಂಗಳ ಪಗಾರ ಪತ್ರಿಕೆ ಕಳಿಸಿ ಅಂದರು. ಇವರು ಕಳಿಸಿದರು. ವಾಪಸ್ ಬಂದ ಪತ್ರದಲ್ಲಿ ಕೇಳಿದ್ದು ಇಷ್ಟೇ: ಹುಬ್ಬಳ್ಳಿಯ ಕೆಲಸಗಾರರಿಗೆ ನಾಲ್ಕನೇ ವಲಯದ ದರ ಯಾಕೆ? ಅದೂ ಹಿಂದಿನ ವರ್ಷದ ದರ ಯಾಕೆ? ಉತ್ತರ ಬರುವವರೆಗೆ ಹೊಸ ಆರ್ಡರ್ ಇಲ್ಲ.

ಏನು ತಪ್ಪಾಗಿತ್ತು

ಕರ್ನಾಟಕದ ಆಗಿನ ಅಧಿಸೂಚನೆಗಳಲ್ಲಿ ರಾಜ್ಯವನ್ನು ನಾಲ್ಕು ವಲಯ ಮಾಡಿದ್ದರು. ಬೆಂಗಳೂರು ಮಹಾನಗರ ಒಂದನೆಯದು. ಉಳಿದ ಮಹಾನಗರ ಪಾಲಿಕೆಗಳು ಎರಡನೆಯದು, ಹುಬ್ಬಳ್ಳಿ-ಧಾರವಾಡ ಅದರಲ್ಲಿ. ಉಳಿದ ಜಿಲ್ಲಾ ಕೇಂದ್ರಗಳು ಮೂರನೆಯದು, ಗದಗ ಮತ್ತು ಹಾವೇರಿ ಊರುಗಳು ಅಲ್ಲಿ. ಮಿಕ್ಕಿದ್ದೆಲ್ಲ ನಾಲ್ಕನೆಯದು, ಬ್ಯಾಡಗಿ ತಾಲ್ಲೂಕಿನ ಹಳ್ಳಿ ಅಲ್ಲಿಗೆ ಸೇರುತ್ತದೆ. ಅಂದರೆ ಒಬ್ಬರೇ ಮಾಲೀಕರ ಮೂರು ಜಾಗಕ್ಕೆ ಮೂರು ವಲಯ. ಸಾಲದ್ದಕ್ಕೆ ಗೋದಾಮಿನ ಗುಮಾಸ್ತನಿಗೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ದರ ಪಟ್ಟಿ, ಗಿರಣಿಯವರಿಗೆ ಅವರ ಉದ್ದಿಮೆಯ ಪಟ್ಟಿ.

ಗುಮಾಸ್ತರು ಹಳ್ಳಿಯಲ್ಲಿ ಶುರುವಾದಾಗ ಒಂದು ದರ ಪಟ್ಟಿ ತಂದಿದ್ದರು, ನಾಲ್ಕನೇ ವಲಯದ್ದು. ಯಂತ್ರ ಹುಬ್ಬಳ್ಳಿಗೆ ಬಂತು, ಜನ ಬಂದರು, ಲೈಸೆನ್ಸ್ ಬಂತು. ದರದ ಕಾಲಂ ಮಾತ್ರ ಹಳ್ಳಿಯದೇ ಉಳಿಯಿತು. ದುಂಡಾಗಿ ಹೇಳುವುದಾದರೆ ಎರಡನೇ ವಲಯದಲ್ಲಿ ತಿಂಗಳಿಗೆ 13,000 ಇರುವ ಕಡೆ ಇವರು 12,350 ಕೊಡುತ್ತಿದ್ದರು. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500ರ ಬದಲು 475. ದಿನಕ್ಕೆ 25 ರೂಪಾಯಿ ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷಕ್ಕೆ ಒಬ್ಬರಿಗೆ 7,800 ಅಂದಾಗ ಮಾಲೀಕರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಎರಡನೆಯದು ತಿಂಗಳಿನ ತಪ್ಪು. ನಮ್ಮ ಕಡೆ ವ್ಯಾಪಾರಸ್ಥರ ಮನೆಯಲ್ಲಿ ದೀಪಾವಳಿಗೆ ಹೊಸ ಖಾತೆ ಪುಸ್ತಕ ಪೂಜೆ ಮಾಡುವುದು ರೂಢಿ. ಪಗಾರ ಹೆಚ್ಚಿಸುವುದೂ ಅವತ್ತೇ. ಈ ಗಿರಣಿಯಲ್ಲೂ ಹಾಗೇ ನಡೆದಿತ್ತು. ಕೆಲವು ವರ್ಷ ಸರ್ಕಾರ ಏರಿಸಿದ್ದಕ್ಕಿಂತ ಇವರು ಜಾಸ್ತಿಯೇ ಕೊಟ್ಟಿದ್ದರು. ಆದರೆ ಬೆಲೆ ಸೂಚ್ಯಂಕ ಏರಿದಂತೆ ಏರುವ ತುಟ್ಟಿಭತ್ಯೆ ರಾಜ್ಯದಲ್ಲಿ ಜಾರಿಗೆ ಬರುವುದು ಏಪ್ರಿಲ್ 1ಕ್ಕೆ. ಹೀಗಾಗಿ ಏಪ್ರಿಲ್‌ನಿಂದ ದೀಪಾವಳಿವರೆಗೆ ಪ್ರತಿ ವರ್ಷ ಕೆಲವು ತಿಂಗಳು ಕಡಿಮೆ ಬಿದ್ದಿತ್ತು. ನವೆಂಬರ್‌ನಲ್ಲಿ ಜಾಸ್ತಿ ಕೊಟ್ಟಿದ್ದು ಮೇ ತಿಂಗಳ ಕೊರತೆಯನ್ನು ತುಂಬುವುದಿಲ್ಲ. ಪ್ರತಿ ತಿಂಗಳ ಪಗಾರವೂ ಆ ತಿಂಗಳ ದರಕ್ಕೆ ತೂಗಬೇಕು.

ಮೂರನೆಯದು ಪಿಎಫ್. ಪಗಾರವನ್ನು ಮೂಲ ವೇತನ 6,000, ಉಳಿದಿದ್ದು ವಿಶೇಷ ಭತ್ಯೆ ಅಂತ ಒಡೆದಿದ್ದರು. ಪಿಎಫ್ ಕಟ್ಟಿದ್ದು 6,000ಕ್ಕೆ ಮಾತ್ರ. ಯಾರೋ ಹಿಂದೆ ಹೇಳಿಕೊಟ್ಟಿದ್ದು. ಎಲ್ಲರಿಗೂ ಒಂದೇ ರೀತಿ ಕೊಡುವ ಭತ್ಯೆ ಪಿಎಫ್ ಲೆಕ್ಕಕ್ಕೆ ಮೂಲ ವೇತನದ ಭಾಗವೇ ಅಂತ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿಯಾಗಿದೆ. ಬೋನಸ್ಸಿನಲ್ಲೂ ಇಂಥದೇ ಒಂದು ಎಡವಟ್ಟು. ಇವರು 7,000ದ ಮೇಲೆ ಶೇಕಡಾ 8.33 ಹಾಕುತ್ತಿದ್ದರು. ಬೋನಸ್ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ 7,000 ಅಥವಾ ಆ ಕೆಲಸದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಹಾಕಬೇಕಿತ್ತು. ವರ್ಷಕ್ಕೆ ಶೇಕಡಾ 8.33 ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಪಗಾರ. 7,000 ಸಿಗುತ್ತಿದ್ದ ಕಡೆ 13,000ದ ಹತ್ತಿರ ಸಿಗಬೇಕಿತ್ತು.

ಕುಶಲತೆಯ ದರ್ಜೆ ಇನ್ನೊಂದು. ಬೀಸುವ ಯಂತ್ರ ನಡೆಸುವವರೂ ಪುಸ್ತಕದಲ್ಲಿ ‘ಸಹಾಯಕ’. ಕಲ್ಲಿನ ಬಿಸಿ ನೋಡಿ, ಪುಡಿಯ ಬಣ್ಣ ಕಪ್ಪಾಗದ ಹಾಗೆ ಮಾಲು ಬಿಡುವ ಮನುಷ್ಯ ಅಕುಶಲ ಹೇಗಾಗುತ್ತಾನೆ? ಬ್ಯಾಡಗಿ ಕಾಯಿಗೆ ಬೆಲೆ ಇರುವುದೇ ಬಣ್ಣಕ್ಕೆ.

ಮೊದಲು ಹೊಳೆದ ದಾರಿಗಳು

ಮಾಲೀಕರ ಮೊದಲ ಯೋಚನೆ ನೇರವಾಗಿತ್ತು. “ಅಲ್ರಿ, ಎಲ್ಲಾರನ್ನೂ ಬ್ಯಾಡಗಿ ಶೆಡ್ಡಿನ ಪುಸ್ತಕದಾಗ ತೋರಿಸಿಬಿಟ್ರ ಮುಗೀತಲ್ರಿ? ಹೆಂಗೂ ಎರಡೂ ನಮ್ಮವ.” ಈ ಮಾತು ನಾನು ಬೇರೆ ಕಡೆಯೂ ಕೇಳಿದ್ದೇನೆ. ದರ ನಿಲ್ಲುವುದು ಮನುಷ್ಯ ಎಲ್ಲಿ ಕೆಲಸ ಮಾಡುತ್ತಾನೋ ಆ ಜಾಗದ ಮೇಲೆ. ಪುಸ್ತಕ ಎಲ್ಲಿದೆ ಅನ್ನುವುದರ ಮೇಲಲ್ಲ. ಇದನ್ನು ಕಾನೂನಿನ ಭಾಷೆಯಲ್ಲಿ ಹೇಳುವುದಕ್ಕಿಂತ ಅವರದೇ ಕಾಗದ ತೋರಿಸುವುದು ಒಳ್ಳೇದು ಅನಿಸಿತು. ಹಿಂದಿನ ವರ್ಷ ಪ್ಯಾಕಿಂಗ್ ಮಾಡುವ ಒಬ್ಬರ ಬೆರಳು ಸೀಲಿಂಗ್ ಯಂತ್ರಕ್ಕೆ ಸಿಕ್ಕಿತ್ತು. ಇಎಸ್‌ಐಗೆ ಕೊಟ್ಟ ಅಪಘಾತ ವರದಿಯಲ್ಲಿ ಜಾಗ ಹುಬ್ಬಳ್ಳಿ, ಸಮಯ ಬೆಳಿಗ್ಗೆ, ಸಾಕ್ಷಿಗೆ ಇಬ್ಬರ ಸಹಿ. ಹಾಜರಿಯ ಬೆರಳಚ್ಚು ಯಂತ್ರ ಇರುವುದೂ ಹುಬ್ಬಳ್ಳಿ ಗೇಟಿನಲ್ಲಿ. ಇಷ್ಟೆಲ್ಲ ಇಟ್ಟುಕೊಂಡು ಆ ಮನುಷ್ಯ ಹಳ್ಳಿ ಶೆಡ್ಡಿನಲ್ಲಿದ್ದ ಅಂತ ಬರೆದರೆ ಅದು ಸುಳ್ಳು ದಾಖಲೆ. ಕಡಿಮೆ ಕೊಟ್ಟಿದ್ದಕ್ಕಿಂತ ದೊಡ್ಡ ತಪ್ಪು. ಮಾಲೀಕರು ವರದಿಯನ್ನು ಎರಡು ಸಲ ಓದಿ ಆ ಮಾತು ಬಿಟ್ಟರು. ಇಡೀ ಪ್ರಕರಣದಲ್ಲಿ ಮೊದಲ ತಿರುವು ಇದೇ.

ಆಮೇಲೆ ಒಬ್ಬ ಗುತ್ತಿಗೆದಾರ ಬಂದ. ಎಲ್ಲರನ್ನೂ ನನ್ನ ಹೆಸರಿಗೆ ಹಾಕಿಕೊಳ್ಳುತ್ತೇನೆ, ನಿಮಗೆ ಯಾವ ತಲೆನೋವೂ ಇಲ್ಲ ಅಂದ. ಅವನ ದರ ಬಿಡಿಸಿ ನೋಡಿದೆವು. ಅವನ ಕಮಿಷನ್ ತೆಗೆದ ಮೇಲೆ ಕೆಲಸಗಾರರಿಗೆ ಉಳಿಯುವುದು ಎರಡನೇ ವಲಯದ ದರಕ್ಕಿಂತ ಕಡಿಮೆಯೇ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಗುತ್ತಿಗೆದಾರ ಕೊಡದ ಪಗಾರವನ್ನು ಮೂಲ ಮಾಲೀಕರೇ ಕೊಡಬೇಕಿತ್ತು. ತಲೆನೋವು ಹೋಗುವುದಿಲ್ಲ, ಬೇರೆಯವರ ಕೈಗೆ ಹೋಗಿ ವಾಪಸ್ ಬರುತ್ತದೆ.

ಮೂರನೆಯದು ಚಹಾ, ನಾಷ್ಟಾ, ಬಸ್ ಚಾರ್ಜು. ಇವರು ಪ್ರೀತಿಯಿಂದಲೇ ಕೊಡುತ್ತಿದ್ದರು. ಅದನ್ನೂ ಪಗಾರದಲ್ಲಿ ಹಿಡಿಯೋಣ ಅಂದರು. ಬರುವುದಿಲ್ಲ. ಪ್ರಯಾಣದ ಖರ್ಚು ಕನಿಷ್ಠ ವೇತನದ ಲೆಕ್ಕಕ್ಕೆ ಸೇರದು. ಆದರೆ ಇದೇ ಹೊತ್ತಿಗೆ ಗುಮಾಸ್ತರ ಒಂದು ಭಯ ಕಳೆಯಿತು. ಆಗಲೇ ಜಾಸ್ತಿ ಪಗಾರ ಪಡೆಯುವ ಮೇಲ್ವಿಚಾರಕರಿಗೂ ಪ್ರತಿ ಏಪ್ರಿಲ್ ತುಟ್ಟಿಭತ್ಯೆ ಬೇರೆ ಕೊಡಬೇಕು ಅಂತ ಅವರು ಹೆದರಿದ್ದರು. ಕರ್ನಾಟಕದಿಂದಲೇ ಹೋದ ಏರ್‌ಫ್ರೈಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಕನಿಷ್ಠ ವೇತನ ಒಂದು ಒಟ್ಟು ಮೊತ್ತ. ಕೊಡುವ ಒಟ್ಟು ವೇತನ ಅದನ್ನು ದಾಟಿದ್ದರೆ ತುಟ್ಟಿಭತ್ಯೆ ಅಂತ ಇನ್ನೊಂದು ಸಾಲು ಬೇಕಿಲ್ಲ. ಕಾನೂನು ಕೇಳದ್ದಕ್ಕೆ ಹೆದರುವುದು, ಕೇಳಿದ್ದನ್ನು ಬಿಡುವುದು, ಎರಡೂ ಈ ಪುಸ್ತಕದಲ್ಲಿ ಒಟ್ಟಿಗೇ ಇದ್ದವು.

ಸಾವಿರ ರೂಪಾಯಿಯ ಲೆಕ್ಕ

ಸರಿ, ಕೊಡೋಣ ಅಂತ ಮನಸ್ಸು ಬಂದ ಮೇಲೆ ಮಾಲೀಕರು ಕೇಳಿದ್ದು, ಪಗಾರ ಒಂದು ಸಾವಿರ ಏರಿದರೆ ನಮಗೆ ಬೀಳುವುದು ಎಷ್ಟು? ಒಂದು ಹಾಳೆಯಲ್ಲಿ ಬರೆದೆವು. ಪಗಾರ 15,000ದ ಒಳಗಿದ್ದರೆ ಮಾಲೀಕರ ಪಿಎಫ್ ಶೇಕಡಾ 12, ಮೇಲೆ ವಿಮೆ ಮತ್ತು ಆಡಳಿತ ಶುಲ್ಕ ಶೇಕಡಾ ಅರ್ಧರ್ಧ, ಒಟ್ಟು 130 ರೂಪಾಯಿ. ಇಎಸ್‌ಐ ಶೇಕಡಾ 3.25, ಅಂದರೆ 32.50. ಬೋನಸ್ 83.30. ಕೆಲಸ ಬಿಡುವಾಗ ಕೊಡಬೇಕಾದ ಗ್ರಾಚುಟಿಗೆ ವರ್ಷಕ್ಕೆ 15 ದಿನದ ಪಗಾರ ತೆಗೆದಿಟ್ಟರೆ ತಿಂಗಳಿಗೆ 48ರಷ್ಟು. ಹೀಗೆ 1,000 ಹೋಗಿ 1,294ರ ಹತ್ತಿರ ಆಯಿತು. ಕೆಲಸಗಾರರ ಕೈಗೆ ಹೋಗುವುದು ಪಿಎಫ್ 120, ಇಎಸ್‌ಐ 7.50 ಕಳೆದು 872.50. ಮಾಲೀಕರು ಜಾಸ್ತಿ ಕೊಟ್ಟೆ ಅಂತಾರೆ, ಕೆಲಸಗಾರರು ಕಡಿಮೆ ಬಂತು ಅಂತಾರೆ. ಇಬ್ಬರ ಮಾತೂ ಖರೆ. ಆ ಹಾಳೆಯನ್ನು ಎಲ್ಲರಿಗೂ ತೋರಿಸಬೇಕು ಅಂತ ನಾನು ಹಟ ಹಿಡಿದೆ. ಗುಮಾಸ್ತರಿಗೆ ಮೊದಲು ಇಷ್ಟವಾಗಲಿಲ್ಲ.

ಗ್ರಾಚುಟಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದನ್ನು ಕೊನೆಯ ಪಗಾರದ ಮೇಲೆ ಲೆಕ್ಕ ಹಾಕುತ್ತಾರೆ. ಹೀಗಾಗಿ ಇವತ್ತಿನ ಏರಿಕೆ ಹಿಂದಿನ ಎಲ್ಲ ವರ್ಷಗಳ ಸೇವೆಯ ಬೆಲೆಯನ್ನೂ ಏರಿಸುತ್ತದೆ. ಹಳೇ ಜನ ಜಾಸ್ತಿ ಇರುವ ಗಿರಣಿ ಇದಕ್ಕೆ ಮೊದಲೇ ದುಡ್ಡು ತೆಗೆದಿಡಬೇಕು.

ಓವರ್‌ಟೈಮಿನ ತಪ್ಪು ಸಿಕ್ಕಿದ್ದೂ ಈ ಹಾಳೆಯಲ್ಲೇ. ಇವರು ತಿಂಗಳ ಪಗಾರವನ್ನು 30ಕ್ಕೆ ಭಾಗಿಸುತ್ತಿದ್ದರು. 13,000ಕ್ಕೆ ದುಪ್ಪಟ್ಟು ದರ ಗಂಟೆಗೆ 108 ಚಿಲ್ಲರೆ ಬರುತ್ತಿತ್ತು. 26ಕ್ಕೆ ಭಾಗಿಸಿದರೆ 125. ಹಬ್ಬದ ಮುಂಚೆ ಎರಡು ಪಾಳಿ ನಡೆಯುವ ಗಿರಣಿಯಲ್ಲಿ ಇದು ಸಣ್ಣದಲ್ಲ.

ಶೆಡ್ಡಿನ ತೂಕ

ಹಳ್ಳಿಯ ಶೆಡ್ ನಾಲ್ಕನೇ ವಲಯ, ಅಲ್ಲಿ ಏನೂ ತೊಂದರೆ ಇರಲಾರದು ಅಂದುಕೊಂಡಿದ್ದರು. ನನಗೆ ಹೆಚ್ಚು ದುಃಖವಾಗಿದ್ದು ಅಲ್ಲೇ.

ತೊಟ್ಟು ಬಿಡಿಸುವುದು ಕಿಲೋ ಲೆಕ್ಕದ ಕೆಲಸ. ಹೆಣ್ಣುಮಕ್ಕಳು ಗೋಣಿ ತಾಟಿನ ಮೇಲೆ ಸಾಲಾಗಿ ಕೂರುತ್ತಾರೆ. ಮೂಗಿಗೆ ಸೆರಗು, ಕೈಗೆ ಒಂದಿಷ್ಟು ಎಣ್ಣೆ. ಎಡಗೈಯಲ್ಲಿ ಕಾಯಿ ಹಿಡಿದು ಬಲಗೈ ಹೆಬ್ಬೆರಳಿನಿಂದ ತೊಟ್ಟು ಮುರಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಉಗುರಿನ ಸಂದು ಉರಿಯುತ್ತಿರುತ್ತದೆ, ಊಟಕ್ಕೆ ಕೈ ತೊಳೆದರೂ ಹೋಗುವುದಿಲ್ಲ. ಸಂಜೆ ತೂಕ. ತೂಗುವುದು ತೊಟ್ಟು ತೆಗೆದ ಕಾಯಿಯನ್ನು. ಅಂದರೆ ತೊಟ್ಟಿನ ತೂಕ, ಉದುರಿದ ಬೀಜದ ತೂಕ, ಮುರಿದು ಬೇರೆ ಹಾಕಿದ ಕಾಯಿಯ ತೂಕ ಯಾವುದೂ ಅವರ ಲೆಕ್ಕಕ್ಕೆ ಬರುವುದಿಲ್ಲ.

ಡಬ್ಬಿ ಕಾಯಿಗೂ ಕಡ್ಡಿ ಕಾಯಿಗೂ ಕಿಲೋ ದರ ಒಂದೇ ಇತ್ತು. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳ್ಳಗೆ. ಕಾಯಿ ತುಸು ಹಸಿಯಿದ್ದರೆ ತೊಟ್ಟು ಸಲೀಸಾಗಿ ಬಿಡುತ್ತದೆ, ಜಾಸ್ತಿ ಒಣಗಿದ್ದರೆ ಕಾಯಿಯೇ ಮುರಿಯುತ್ತದೆ. ಯಾವ ಚೀಲ ಯಾರ ಮುಂದೆ ಬರುತ್ತದೆ ಅನ್ನುವುದು ಅವರ ಕೈಯಲ್ಲಿಲ್ಲ. ಶೆಡ್ ನೋಡಿಕೊಳ್ಳುವ ಅಕ್ಕ ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಚೊಲೋ ಚೀಲ ಸಿಕ್ಕಾಕಿ ಸೀರಿ ತಗೋತಾಳ್ರಿ, ಒಣಾ ಚೀಲ ಸಿಕ್ಕಾಕಿ ಉದ್ರಿ ತಗೋತಾಳ.”

ಕಿಲೋ ಲೆಕ್ಕದ ಕೆಲಸಕ್ಕೆ ಕನಿಷ್ಠ ವೇತನ ಇಲ್ಲ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. ತುಂಡು ಕೆಲಸಕ್ಕೆ ಬೇರೆ ಕನಿಷ್ಠ ದರ ಗೊತ್ತುಮಾಡದೆ ದಿನದ ಅಥವಾ ತಿಂಗಳ ದರ ಮಾತ್ರ ಗೊತ್ತುಮಾಡಿದ್ದರೆ, ಆ ದರಕ್ಕಿಂತ ಕಡಿಮೆ ಕೊಡುವಂತಿಲ್ಲ. 1948ರ ಕಾಯ್ದೆಯ 17ನೇ ಕಲಂ ಹೇಳುತ್ತಿದ್ದುದು ಇದನ್ನೇ. ಹಾಗಾದರೆ ದಿನಕ್ಕೆ ಎಷ್ಟು ಗಂಟೆ ಕೂತರು ಅಂತ ಗೊತ್ತಿರಬೇಕಲ್ವಾ? ಶೆಡ್ಡಿನಲ್ಲಿ ತೂಕದ ಪುಸ್ತಕ ಇತ್ತು, ಹೊತ್ತಿನ ಪುಸ್ತಕ ಇರಲಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಿ ಹತ್ತಕ್ಕೆ ಬರುವವರು, ಎಮ್ಮೆ ಹಾಲು ಹಿಂಡಲು ನಾಲ್ಕಕ್ಕೇ ಏಳುವವರು, ಬೆಳಗಿನಿಂದ ಸಂಜೆವರೆಗೆ ಕೂರುವವರು, ಎಲ್ಲರೂ ಒಂದೇ ಪುಸ್ತಕದಲ್ಲಿ ಬರೀ ಕಿಲೋ.

ಮೊದಲು ಬಂದ ಹೊತ್ತು, ಹೋದ ಹೊತ್ತು ಬರೆಯುವುದು ಶುರುವಾಯಿತು. ಒಂದು ವಾರ ಕಾಯಿಯ ಜಾತಿವಾರು ತೂಕ ಬೇರೆ ಬೇರೆ ಹಿಡಿದರು. ಬಹಳ ಚುರುಕಿನವರನ್ನೂ ತೀರಾ ಹೊಸಬರನ್ನೂ ಬಿಟ್ಟು, ನಡುವಿನವರು ಎಂಟು ಗಂಟೆಯಲ್ಲಿ ಎಷ್ಟು ಬಿಡಿಸುತ್ತಾರೆ ನೋಡಿದರು. ಡಬ್ಬಿ ಕಾಯಿ ಸಿಕ್ಕಿದ ದಿನ ದಿನದ ದರ ದಾಟುತ್ತಿತ್ತು. ಒಣಗಿದ ಕಡ್ಡಿ ಸಿಕ್ಕಿದ ದಿನ ಮುಟ್ಟುತ್ತಿರಲಿಲ್ಲ. ಆಗ ಮಾಡಿದ ತೀರ್ಮಾನ ಇದು: ಕಡ್ಡಿಗೆ ಬೇರೆ ಕಿಲೋ ದರ. ಮತ್ತು ಯಾವ ಚೀಲವೇ ಬರಲಿ, ಪೂರ್ತಿ ದಿನ ಕೂತವರಿಗೆ ದಿನದ ಕನಿಷ್ಠ ದರ ಖಾತ್ರಿ. ಅದಕ್ಕಿಂತ ಜಾಸ್ತಿ ಬಿಡಿಸಿದರೆ ಜಾಸ್ತಿ. ತಾವಾಗಿಯೇ ಬೇಗ ಏಳುವವರಿಗೆ ಕೂತಷ್ಟು ಗಂಟೆಯ ಖಾತ್ರಿ.

ಖಾತ್ರಿ ಕೊಟ್ಟರೆ ಕೈ ನಿಧಾನ ಆಗುತ್ತದೆ ಅಂತ ಮಾಲೀಕರು ಹೆದರಿದ್ದರು. ಹಾಗಾಗಲಿಲ್ಲ. ಒಳ್ಳೇ ಚೀಲಕ್ಕೆ ನಡೆಯುತ್ತಿದ್ದ ಜಗಳ ಮಾತ್ರ ನಿಂತಿತು ಅಂತ ಆ ಅಕ್ಕ ಹೇಳಿದರು.

ಕಾರ್ಡಿನ ಭಯ

ಪಗಾರ ಜಾಸ್ತಿ ಆಗುತ್ತದೆ, ಇನ್ನು ಮುಂದೆ ಬ್ಯಾಂಕಿಗೇ ಬರುತ್ತದೆ, ಪಗಾರ ಚೀಟಿಯೂ ಸಿಗುತ್ತದೆ ಅಂದಾಗ ಹುಬ್ಬಳ್ಳಿಯ ಪ್ಯಾಕಿಂಗ್ ವಿಭಾಗದಲ್ಲಿ ಯಾರ ಮುಖವೂ ಅರಳಲಿಲ್ಲ. ಒಬ್ಬಾಕೆ ಎದ್ದು ಕೇಳಿದಳು: “ಸಾಹೇಬ್ರ, ಚೀಟಿ ಮ್ಯಾಲೆ ಅಷ್ಟ್ ಬರದ್ರ ನಮ್ಮ ಕಾರ್ಡ್ ಹೊಕ್ಕೈತಿ. ಅರ್ಧಾ ಕೈಯಾಗ ಕೊಡ್ರಿ.”

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.2 ಲಕ್ಷ ರೂಪಾಯಿ. ತಿಂಗಳಿಗೆ 10,000 ಬಂದರೆ ಅಲ್ಲಿಗೇ ಮುಟ್ಟಿತು. ಸರ್ಕಾರದ ಒಂದು ಇಲಾಖೆ ಇದಕ್ಕಿಂತ ಕಡಿಮೆ ಕೊಡಬೇಡಿ ಅನ್ನುತ್ತದೆ, ಅಷ್ಟು ಪಡೆದವರು ಬಡವರಲ್ಲ ಅಂತ ಇನ್ನೊಂದು ಕಡೆ ಬರೆದಿರುತ್ತದೆ. ಇದರ ನಡುವೆ ಸಿಕ್ಕವಳು ಅಕ್ಕಿ ಲೆಕ್ಕ ಹಾಕಿದರೆ ತಪ್ಪೇನು?

ಮಾಲೀಕರಿಗೆ ಇದು ಅನುಕೂಲದ ಮಾತಾಗಿ ಕಂಡಿತು. ಅವರೇ ಕೇಳುತ್ತಿದ್ದಾರಲ್ಲ, ಅರ್ಧ ನಗದು ಕೊಟ್ಟರೆ ಆಯಿತು, ಪಿಎಫ್ ಕೂಡ ಉಳಿಯಿತು. ಇಲ್ಲಿ ನಾನು ಗಟ್ಟಿಯಾಗಿ ಬೇಡ ಅಂದೆ. ಕನಿಷ್ಠ ವೇತನ ಕೆಲಸಗಾರ ತಾನಾಗಿ ಬಿಟ್ಟುಕೊಡಲು ಬರುವ ಹಕ್ಕಲ್ಲ, ಹಾಗೆ ಒಪ್ಪಂದ ಮಾಡಿಕೊಂಡರೂ ಅದು ನಡೆಯುವುದಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ನಗದು ಪೂರ್ತಿ ಕೊಟ್ಟಿದ್ದರೂ ಪುಸ್ತಕದಲ್ಲಿ ಅರ್ಧ ಕಂಡರೆ, ಕೊಟ್ಟಿದ್ದಕ್ಕೆ ಸಾಕ್ಷಿ ಎಲ್ಲಿ? ಕೆಲಸಗಾರರ ಕಡೆಯಿಂದ ನೋಡಿದರೂ ನಷ್ಟವೇ. ಪಿಎಫ್ ಅರ್ಧ ಆಗುತ್ತದೆ. ಇಎಸ್‌ಐನಲ್ಲಿ ಕಾಯಿಲೆ ರಜೆಯ ದುಡ್ಡು, ಹೆರಿಗೆಯ 26 ವಾರದ ದುಡ್ಡು ಬರುವುದು ಪುಸ್ತಕದಲ್ಲಿ ಬರೆದ ಪಗಾರದ ಮೇಲೆ.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ವರ್ಷದ ಲೆಕ್ಕ ಮಾಡಿದೆವು. ಶೆಡ್ಡಿನ ಹೆಣ್ಣುಮಕ್ಕಳದು ವರ್ಷಪೂರ್ತಿ ಕೆಲಸವಲ್ಲ. ಸುಗ್ಗಿಯ ತಿಂಗಳು, ಆಮೇಲೆ ಕೋಲ್ಡ್ ಸ್ಟೋರೇಜಿನ ಮಾಲು ಬಂದಾಗಷ್ಟೇ. ಅವರದೊಂದೇ ದುಡಿಮೆ ಮಿತಿ ದಾಟುತ್ತಿರಲಿಲ್ಲ. ಅವರಲ್ಲಿ ಹಲವರ ಭಯ ಹೋಯಿತು. ಹುಬ್ಬಳ್ಳಿಯವರದು ವರ್ಷವಿಡೀ ಕೆಲಸ, ಅವರ ಭಯ ನಿಜವಾದದ್ದು. ಅದಕ್ಕೆ ಮಾಲೀಕರ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಪುಸ್ತಕದಲ್ಲಿ ಪೂರ್ತಿ ಬರೆಯುವುದೆಂದೇ ಆಯಿತು. ಇಬ್ಬರು ಕೆಲಸ ಬಿಟ್ಟು ನಗದು ಕೊಡುವ ಕಡೆ ಹೋದರು. ಅವರಲ್ಲಿ ಒಬ್ಬರು ಕೆಲವು ತಿಂಗಳ ನಂತರ ವಾಪಸ್ ಬಂದರು. ಬಿಪಿಎಲ್ ಮಿತಿಯನ್ನು ಕನಿಷ್ಠ ವೇತನದ ಜೊತೆ ಜೋಡಿಸದ ಹೊರತು ಈ ನೋವು ಹೋಗುವುದಿಲ್ಲ. ಸಂಘಗಳೂ ಉದ್ಯಮಿಗಳೂ ಸೇರಿ ಕೇಳಬೇಕಾದ ಮಾತು ಇದು.

ಬಾಕಿ, ಮತ್ತು ಹಳೇ ಮನುಷ್ಯನ ಮಾತು

ಬಾಕಿ ಎಲ್ಲಿಂದ ಕೊಡುವುದು ಅನ್ನುವುದರ ಮೇಲೆ ಚರ್ಚೆ ಉದ್ದಕ್ಕೆ ನಡೆಯಿತು. ಆಗಿನ ಕಾಯ್ದೆಯಲ್ಲಿ ಕೆಲಸಗಾರ ಕ್ಲೇಮ್ ಹಾಕಲು ಸಾಮಾನ್ಯವಾಗಿ ಆರು ತಿಂಗಳ ಅವಧಿ. ಕೊರತೆಯ ಹತ್ತು ಪಟ್ಟಿನವರೆಗೆ ಪರಿಹಾರ ಹಾಕಬಹುದಿತ್ತು. ಆರು ತಿಂಗಳದ್ದಷ್ಟೇ ಕೊಡೋಣ ಅಂತ ಒಂದು ಮಾತು ಬಂತು. ಆ ಅವಧಿ ಇರುವುದು ಅರ್ಜಿ ಹಾಕಲು. ಕೊಡಬೇಕಾದ ದುಡ್ಡು ಅದಕ್ಕೆ ಕರಗಿ ಹೋಗುವುದಿಲ್ಲ ಅನ್ನುವುದು ನನ್ನ ನಿಲುವು. ಕೊನೆಗೆ ಆ ವರ್ಷದ ಏಪ್ರಿಲ್‌ನಿಂದ ಪೂರ್ತಿ, ಹಿಂದಿನ ಒಂದು ವರ್ಷದ ವಲಯದ ವ್ಯತ್ಯಾಸ, ಎರಡನ್ನೂ ಕಂತಿನಲ್ಲಿ ಕೊಟ್ಟರು. ಪ್ರತಿ ಕಂತಿಗೂ ಯಾವ ತಿಂಗಳ ಬಾಕಿ ಅಂತ ಚೀಟಿಯಲ್ಲಿ ಬರೆದರು, ಪಿಎಫ್ ಕೂಡ ಕಟ್ಟಿದರು. ಇನ್ನೂ ಹಿಂದಕ್ಕೆ ಹೋಗಬೇಕಿತ್ತು ಅಂತ ಈಗಲೂ ನನಗೆ ಅನಿಸುತ್ತದೆ. ಖರೀದಿದಾರ ಕಂಪನಿ ಕಂತಿನ ಪಟ್ಟಿ ಒಪ್ಪಿ ಆರ್ಡರ್ ಮತ್ತೆ ಶುರು ಮಾಡಿತು.

ಎಲ್ಲ ಮುಗಿಯಿತು ಅನ್ನುವಾಗ ಬೀಸುವ ಯಂತ್ರದ ಹಳೇ ಮನುಷ್ಯ ಬಂದು ನಿಂತ. “ಹನ್ನೆರಡು ವರ್ಷ ಆತ್ರಿ ನಾ ಇಲ್ಲಿ. ನಿನ್ನೆ ಬಂದ ಹುಡುಗಗೂ ನನಗೂ ಈಗ ಎಷ್ಟ್ ಫರಕ್ ಉಳೀತು ನೋಡ್ರಿ.” ಕೆಳಗಿನವರ ಪಗಾರ ಮೇಲೆ ಬಂದಾಗ ನಡುವಿನ ಅಂತರ ಕರಗಿತ್ತು. ದರ್ಜೆಯನ್ನು ಕುಶಲ ಅಂತ ತಿದ್ದಿದ್ದರಿಂದ ಸ್ವಲ್ಪ ಸರಿಹೋಗಿತ್ತು, ಪೂರ್ತಿ ಅಲ್ಲ. ಸೇವೆಯ ವರ್ಷಕ್ಕೆ ಇಂತಿಷ್ಟು ಅಂತ ಕಾನೂನು ಕೇಳುವುದಿಲ್ಲ. ಆದರೆ ಆ ಮನುಷ್ಯ ಬೇರೆ ಗಿರಣಿಗೆ ಹೋದರೆ ಪುಡಿಯ ಬಣ್ಣವೂ ಅವನ ಜೊತೆ ಹೋಗುತ್ತದೆ. ಮೂರು, ಆರು, ಹತ್ತು ವರ್ಷ ದಾಟಿದವರಿಗೆ ಒಂದೊಂದು ಮೆಟ್ಟಿಲಿನ ಹೆಚ್ಚಳ ಸೇರಿಸಿದರು. ಅವನು ಉಳಿದ.

ಈ ಮೆಟ್ಟಿಲಿನಿಂದ ಒಬ್ಬ ಮೇಲ್ವಿಚಾರಕರ ಪಗಾರ ಆಗಸ್ಟ್‌ನಲ್ಲಿ ಇಎಸ್‌ಐನ ಮಿತಿಯಾದ 21,000 ದಾಟಿತು. ಗುಮಾಸ್ತರು ತಕ್ಷಣ ಇಎಸ್‌ಐ ನಿಲ್ಲಿಸಲು ಹೊರಟರು. ಹಾಗೆ ಮಾಡುವಂತಿಲ್ಲ. ಇಎಸ್‌ಐ ವಂತಿಗೆ ಕಟ್ಟುವ ಆರು ತಿಂಗಳ ಅವಧಿಯ ನಡುವೆ ದಾಟಿದರೆ ಆ ಅವಧಿ ಮುಗಿಯುವ ಸೆಪ್ಟೆಂಬರ್ 30ರವರೆಗೆ ಕಟ್ಟಲೇಬೇಕು, ಅದೂ ಪೂರ್ತಿ ಪಗಾರದ ಮೇಲೆ.

ದುಡ್ಡು ಎಲ್ಲಿಂದ ಬಂತು ಅಂತ ಕೇಳಬಹುದು. ಖಾರಪುಡಿಯ ಖರ್ಚಿನಲ್ಲಿ ದೊಡ್ಡ ಪಾಲು ಮೆಣಸಿನಕಾಯಿಯದು, ಪಗಾರದ್ದು ಸಣ್ಣ ಪಾಲು. ಆದರೂ ಖರೀದಿದಾರರ ಜೊತೆಗಿನ ಕರಾರಿನಲ್ಲಿ ವರ್ಷವಿಡೀ ಒಂದೇ ದರ ಅಂತಿತ್ತು. ಕಾಯಿಯ ಬೆಲೆ ಏರಿದರೆ ಮಾತಾಡಲು ಜಾಗ ಇತ್ತು, ಪಗಾರ ಏರಿದರೆ ಇರಲಿಲ್ಲ. ಮುಂದಿನ ಕರಾರಿನಲ್ಲಿ ಏಪ್ರಿಲ್ 1ರ ಕನಿಷ್ಠ ವೇತನದ ವ್ಯತ್ಯಾಸವನ್ನು ದರಕ್ಕೆ ಸೇರಿಸುವ ಒಂದು ಕಲಂ ಹಾಕಿಸಿದರು. ಪಗಾರ ದಾಖಲೆ ಸರಿಯಿರಲಿ ಅಂತ ಕೇಳಿದವರು ಅದರ ಖರ್ಚಿನ ಮಾತು ಬಂದಾಗ ಇಲ್ಲ ಅನ್ನಲಿಲ್ಲ. ಕೇಳಲು ಯಾರೂ ಧೈರ್ಯ ಮಾಡಿರಲಿಲ್ಲ ಅಷ್ಟೇ.

ಈಗ ಇದೇ ಸ್ಥಿತಿಯಲ್ಲಿರುವವರಿಗೆ

2025ರ ನವೆಂಬರ್ 21ರಿಂದ ಆ ಹಳೇ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಜಾರಿಗೆ ಬಂದಿದೆ. ಅಲ್ಲಿ ಕ್ಲೇಮ್ ಹಾಕುವ ಅವಧಿ ಮೂರು ವರ್ಷ. ಇಂಥ ವಲಯದ ತಪ್ಪು ಮೂರು ವರ್ಷದ ಬಾಕಿಯಾಗಿ ಎದುರು ನಿಲ್ಲಬಹುದು. ಮೊದಲ ಸಲ ಕಡಿಮೆ ಕೊಟ್ಟು ಸಿಕ್ಕಿಬಿದ್ದರೆ ದಂಡ 50,000 ರೂಪಾಯಿವರೆಗೆ. ಮೊಕದ್ದಮೆಗೆ ಮುಂಚೆ ಸರಿಪಡಿಸಿಕೊಳ್ಳಲು ಒಂದು ಅವಕಾಶ ಕೊಡುವ ಪದ್ಧತಿಯೂ ಇದೆ. ಭತ್ಯೆಗಳ ಹೆಸರಿನಲ್ಲಿ ಪಗಾರ ಒಡೆಯುವುದೂ ಈಗ ಕಷ್ಟ. ಹೊರಗಿಡುವ ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದ್ದು ವೇತನಕ್ಕೇ ಸೇರುತ್ತದೆ. ಪಟ್ಟಿಯಲ್ಲಿ ಹೆಸರಿದ್ದ ಉದ್ದಿಮೆಗೆ ಮಾತ್ರ ಕನಿಷ್ಠ ವೇತನ ಅನ್ನುವ ಕಾಲವೂ ಹೋಯಿತು.

ಯಾರಾದರೂ ಎರಡು ಊರಲ್ಲಿ ಕೆಲಸ ನಡೆಸುತ್ತಿದ್ದರೆ ಮೊದಲು ನೋಡಬೇಕಾದ್ದು ಜಾಗದ ತೆರಿಗೆ ರಸೀದಿ. ಪಾಲಿಕೆಗೆ ಕಟ್ಟುತ್ತೀರೋ, ಪಂಚಾಯಿತಿಗೋ? ವಸಾಹತಿನ ಹೆಸರಿನಲ್ಲಿ ಹುಬ್ಬಳ್ಳಿ ಇದ್ದ ಮಾತ್ರಕ್ಕೆ ಪ್ಲಾಟು ಪಾಲಿಕೆಯ ಒಳಗಿದೆ ಅಂತಲ್ಲ. ಆ ಜಾಗ ಯಾವ ವಲಯಕ್ಕೆ ಬರುತ್ತದೆ ಅಂತ ಆ ವರ್ಷದ ಅಧಿಸೂಚನೆಯಲ್ಲೇ ನೋಡಬೇಕು. ವಲಯದ ಹಂಚಿಕೆಯೂ ಬದಲಾಗುತ್ತದೆ. ಹಳೇ ಪಟ್ಟಿಯ ಜೆರಾಕ್ಸ್ ನಂಬಬಾರದು. ಈ ಗಿರಣಿಯ ಗುಮಾಸ್ತರು ಈಗ ಮಾರ್ಚ್ ಕೊನೆಯ ವಾರ ಮೂರು ಜಾಗಕ್ಕೂ ಬೇರೆ ಬೇರೆ ದರದ ಹಾಳೆ ಮಾಡುತ್ತಾರೆ. ದೀಪಾವಳಿಯ ಹೆಚ್ಚಳ ನಿಂತಿಲ್ಲ. ಬೋನಸ್ ಅವತ್ತು ಕೊಡುತ್ತಾರೆ, ಸೇವೆಯ ಮೆಟ್ಟಿಲು ಏರುವುದೂ ಅವತ್ತೇ. ವರ್ಷದ ಲೆಕ್ಕ ಮಾರ್ಚ್‌ಗೆ ಮುಗಿಯುವವರು ನವೆಂಬರ್ 30ರೊಳಗೆ ಬೋನಸ್ ಕೊಡಬೇಕು, ಹೀಗಾಗಿ ಹಬ್ಬವೂ ಕಾನೂನೂ ಹೊಂದಿಕೊಂಡವು.

ಶೆಡ್ಡಿನಲ್ಲಿ ಒಂದು ಮಾತು ಇನ್ನೂ ಬಗೆಹರಿದಿಲ್ಲ. ಒಣಗಿದ ಕಡ್ಡಿ ಕಾಯಿಯನ್ನು ತೊಟ್ಟು ಬಿಡಿಸುವ ಮುಂಚೆಯೇ ತೂಗಲು ಮಾಲೀಕರು ಒಪ್ಪಿದ್ದಾರೆ. ಎಲ್ಲ ಕಾಯಿಯನ್ನೂ ಹಾಗೇ ತೂಗಬೇಕು ಅಂತ ಹೆಣ್ಣುಮಕ್ಕಳು ಕೇಳುತ್ತಿದ್ದಾರೆ. ಅವರ ಮಾತು ಸರಿ ಅಂತ ನಾನು ಬರೆದುಕೊಟ್ಟಿದ್ದೇನೆ. ಮುಂದಿನ ಸುಗ್ಗಿಯ ಮಾಲು ಬರುವ ಮುಂಚೆ ಕೂತು ಮಾತಾಡುವುದು ಅಂತಾಗಿದೆ.